ಟೆಸ್ಟ್‌ಗಳ ಸಹಾಯಕ ಸ್ಕ್ರಿಪ್ಟ್‌ಗಳನ್ನ ಒಂದೇ ಫೋಲ್ಡರಿಗೆ ತರಬೇಕಂತೆ. ಎಲ್ಲಿಂದ ಶುರು ಮಾಡೋದು?

#1 ಬಿಲ್ಡ್_ಮುರೀತು

ನಮ್ಮದು ವೆಬ್‌ಕಿಟ್ ಅನ್ನೋ ಬ್ರೌಸರ್ ಎಂಜಿನ್ನಿನ ಒಂದು ಫೋರ್ಕ್, ಅಂದ್ರೆ ಮೂಲ ಕೋಡಿಂದ ಕವಲೊಡೆದ ನಮ್ಮದೇ ಪ್ರತಿ. ಮೊದಲು ಬೇರೆ ಪೋರ್ಟ್ ಮೇಲಿತ್ತು, ಈಗ ಡಬ್ಲ್ಯೂಪಿಇ (ಸಣ್ಣ ಸಾಧನಗಳಿಗಂತ ಇರೋ ಪೋರ್ಟ್), ಸೆಟ್‌ಟಾಪ್ ಬಾಕ್ಸ್‌ಗೆ. ಅಪ್‌ಸ್ಟ್ರೀಮ್‌ನ (ಮೂಲ ವೆಬ್‌ಕಿಟ್ ಯೋಜನೆಯ) ಲೇಔಟ್‌ಟೆಸ್ಟ್ಸ್ ಅನ್ನೋ ಟೆಸ್ಟ್ ಫೋಲ್ಡರ್ ಜೊತೆಗೆ ನಮ್ಮವೇ ಟೆಸ್ಟ್‌ಗಳ ದೊಡ್ಡ ರಾಶಿ ಇದೆ. ತಲೆನೋವು ಟೆಸ್ಟ್‌ಗಳದ್ದಲ್ಲ, ಅವು ಎಳೆದುಕೊಳ್ಳೋ ಸಹಾಯಕ ಸ್ಕ್ರಿಪ್ಟ್‌ಗಳದ್ದು.

ಪರಿಸ್ಥಿತಿ ಹೀಗಿದೆ. ಅಪ್‌ಸ್ಟ್ರೀಮ್‌ನವರು ಜೆಎಸ್-ಟೆಸ್ಟ್-ಪ್ರೀ, ಜೆಎಸ್-ಟೆಸ್ಟ್-ಪೋಸ್ಟ್ (ಟೆಸ್ಟಿನ ಶುರುವಿಗೂ ಕೊನೆಗೂ ಲೋಡ್ ಆಗೋ ಸಹಾಯಕ ಸ್ಕ್ರಿಪ್ಟ್‌ಗಳು) ಎರಡನ್ನೂ ಫಾಸ್ಟ್/ಜೆಎಸ್/ರಿಸೋರ್ಸಸ್ ಒಳಗಿಂದ ತೆಗೆದು ಮೇಲಿನ ರಿಸೋರ್ಸಸ್ ಫೋಲ್ಡರಿಗೆ ಹಾಕಿ ಎಷ್ಟೋ ಕಾಲವಾಯ್ತು. ನಮ್ಮ ಹಳೇ ಟೆಸ್ಟ್‌ಗಳು ಮುರೀಬಾರದು ಅಂತ ಆಗ ಯಾರೋ ಹಳೇ ಜಾಗದಲ್ಲೂ ಒಂದು ಪ್ರತಿ ಉಳಿಸಿದ್ದಾರೆ. ಈಗ ಎರಡೂ ಬೇರೆ ಬೇರೆ ದಾರಿ ಹಿಡಿದಿವೆ. ಇದರ ಜೊತೆಗೆ ಪ್ರತಿ ಫೋಲ್ಡರಿನ ರಿಸೋರ್ಸಸ್ ಒಳಗೂ ಒಂದೊಂದು ಯುಟಿಲ್ಸ್.ಜೆಎಸ್. ಒಂದು ಫ್ರೇಮ್ ಬರೋವರೆಗೂ ಕಾಯೋ ಫಂಕ್ಷನ್ನೇ ನಾಲ್ಕೈದು ಥರ ಇದೆ.

ಎಲ್ಲಾ ಒಂದೇ ಕಡೆ ತನ್ನಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಹಳೇ ಜಾಗದಲ್ಲಿ ಸ್ಟಬ್, ಅಂದ್ರೆ ಹೊಸ ಫೈಲನ್ನ ಕರೆಯೋ ಸಣ್ಣ ಫೈಲ್, ಇಡಬೇಕಾ? ಪ್ರೀ ಮತ್ತು ಪೋಸ್ಟ್ ಬದಲು ಒಂದೇ ಜೆಎಸ್-ಟೆಸ್ಟ್‌ಗೆ ಹೋಗಬೇಕಾ? ಅಥವಾ ಈ ಗೊಡವೆನೇ ಬೇಡ ಅಂತ ಟೆಸ್ಟ್‌ಹಾರ್ನೆಸ್‌ಗೆ (ಎಲ್ಲಾ ಬ್ರೌಸರಿನವರೂ ಬಳಸೋ ಟೆಸ್ಟ್ ಲೈಬ್ರರಿ) ಬದಲಾಯಿಸಿಬಿಡೋದಾ? ಮಾಡಿರೋರು ಹೇಳಿ.

#2 ಸುಮ್ನೆ_ನೋಡ್ತಿದೀನಿ

ಸೆಡ್ ಹೊಡೀರಿ, ಕಮಿಟ್ ಮಾಡಿ, ಮನೆಗೆ ಹೋಗಿ.

#3 ಹಳೇಪರ್ಲ್

#2 ನೋಡಿ ನಗು ಬಂತು. ಸೆಡ್‌ನಲ್ಲಿ ಹುಡುಕಿ-ಬದಲಿಸೋಕೆ ಮುಂಚೆ ಒಂದು ಸ್ಕ್ರಿಪ್ಟನ್ನ ಎಷ್ಟು ಥರ ಕರೀಬಹುದು ಅಂತ ಪಟ್ಟಿ ಮಾಡ್ಕೊಳಿ. ಎಚ್‌ಟಿಎಂಎಲ್‌ನಲ್ಲಿ ಎಸ್‌ಆರ್‌ಸಿ. ಎಸ್‌ವಿಜಿ ಫೈಲ್‌ಗಳಲ್ಲಿ ಎಸ್‌ಆರ್‌ಸಿ ಅಲ್ಲ, ಎಕ್ಸ್‌ಲಿಂಕ್ ಎಚ್‌ರೆಫ್. ವರ್ಕರ್ ಒಳಗೆ ಇಂಪೋರ್ಟ್‌ಸ್ಕ್ರಿಪ್ಟ್ಸ್. ಎಚ್‌ಟಿಟಿಪಿ ಟೆಸ್ಟ್‌ಗಳಲ್ಲಿ ನಿಮ್ಮ ಶಾಖೆ ಹಳೇದಾಗಿದ್ರೆ ಪಿಎಚ್‌ಪಿ, ಪರ್ಲ್ ಸಿಜಿಐ ಒಳಗೆ ಪ್ರಿಂಟ್ ಮಾಡಿರೋ ಸ್ಕ್ರಿಪ್ಟ್ ಟ್ಯಾಗ್‌ಗಳು. ಇವೆಲ್ಲ ಸಾಲದು ಅಂತ ಕೆಲವು ಟೆಸ್ಟ್‌ಗಳು ಐಫ್ರೇಮ್‌ಗೆ ಸ್ಟ್ರಿಂಗ್ ಜೋಡಿಸಿ ಪಾತ್ ಕಟ್ಟುತ್ತವೆ. ಅಂಥದ್ದು ಯಾವ ಗ್ರೆಪ್ ಹುಡುಕಾಟಕ್ಕೂ ಸಿಗಲ್ಲ.

ಇನ್ನೊಂದು, ಸಾಪೇಕ್ಷ ಪಾತ್. ಎರಡು ಹಂತ ಒಳಗಿರೋ ಟೆಸ್ಟ್‌ಗೆ ಎರಡು ಸಲ ಚುಕ್ಕಿ-ಚುಕ್ಕಿ-ಸ್ಲ್ಯಾಶ್, ನಾಲ್ಕು ಹಂತ ಒಳಗಿದ್ರೆ ನಾಲ್ಕು ಸಲ. ಅದನ್ನ ಲೆಕ್ಕ ಹಾಕಿ ಬರೆಯೋಕೆ ಪೈಥಾನ್‌ನಲ್ಲಿ ಸಣ್ಣದೊಂದು ಸ್ಕ್ರಿಪ್ಟ್ ಬೇಕು, ಸೆಡ್ ಅಲ್ಲ.

#4 ಎಕ್ಸ್‌ಪೆಕ್ಟೆಡ್_ಟಿಎಕ್ಸ್‌ಟಿ

ಪಾತ್ ತಪ್ಪಿದ್ರೆ ಏನಾಗುತ್ತೆ ಅನ್ನೋದನ್ನೂ ಹೇಳಬೇಕು, ಬಹಳ ಜನ ಟೆಸ್ಟ್ ಫೇಲ್ ಆಗುತ್ತೆ, ಗೊತ್ತಾಗುತ್ತೆ ಬಿಡು ಅಂದ್ಕೊಂಡಿರ್ತಾರೆ.

ಫಲಿತಾಂಶವನ್ನ ಪಠ್ಯವಾಗಿ ಡಂಪ್ ಮಾಡು ಅಂತ ಟೆಸ್ಟ್‌ರನ್ನರ್‌ಗೆ ಹೇಳೋದೇ ಜೆಎಸ್-ಟೆಸ್ಟ್-ಪ್ರೀ. ಅದು ಲೋಡ್ ಆಗದಿದ್ರೆ ಆ ಮಾತನ್ನ ಯಾರೂ ಹೇಳಿರಲ್ಲ. ಆಗ ಸಿಗೋದು ಪಾಸ್, ಫೇಲ್ ಸಾಲುಗಳಲ್ಲ, ರೆಂಡರ್ ಟ್ರೀ, ಅಂದ್ರೆ ಪುಟದ ವಿನ್ಯಾಸದ ಪಟ್ಟಿ. "ಲೇಯರ್ ಅಟ್ (0,0) ಸೈಜ್ 800x600" ಅಂತ ಶುರುವಾಗೋ ಡಂಪು. ಮೇಲೆ ಕನ್ಸೋಲ್‌ನಲ್ಲಿ ಡಿಸ್ಕ್ರಿಪ್ಷನ್ ಅನ್ನೋ ಹೆಸರು ಗೊತ್ತಿಲ್ಲ ಅಂತ ಒಂದು ರೆಫರೆನ್ಸ್ ಎರರ್.

ಇದು ಫೇಲೇ, ನಿಜ. ಆದ್ರೆ ಇಂಥ ದೊಡ್ಡ ಬದಲಾವಣೆಯಲ್ಲಿ ನೂರಾರು ಫೇಲ್ ಒಟ್ಟಿಗೆ ಬರುತ್ತೆ, ಸಂಜೆ ಆರು ಗಂಟೆಗೆ ಯಾರೋ ಒಬ್ಬರು ರಿಸೆಟ್-ರಿಸಲ್ಟ್ಸ್ ಕೊಟ್ಟು ಎಲ್ಲಾ ಬೇಸ್‌ಲೈನ್ (ಸರಿ ಉತ್ತರ ಅಂತ ಉಳಿಸಿರೋ ಎಕ್ಸ್‌ಪೆಕ್ಟೆಡ್ ಫೈಲ್) ಹೊಸದಾಗಿ ಬರೆಸಿಬಿಡ್ತಾರೆ. ನಾನು ಹಿಂದೆ ಇದ್ದ ಕಡೆ ಇದನ್ನ ಕಣ್ಣಾರೆ ನೋಡಿದೀನಿ. ಖಾಲಿ ಪುಟದ ರೆಂಡರ್ ಟ್ರೀ ಅಧಿಕೃತ ಬೇಸ್‌ಲೈನ್ ಆಗಿ ಕೂತಿತ್ತು. ಆ ಟೆಸ್ಟ್ ಆಮೇಲೆ ದಿನಾ ಪಾಸ್. ಯಾಕೆ ಪಾಸ್ ಆಗಲ್ಲ ಹೇಳಿ, ಅದು ಏನನ್ನೂ ಪರೀಕ್ಷೆ ಮಾಡ್ತಾನೇ ಇರಲಿಲ್ಲ.

ಸ್ಕ್ರಿಪ್ಟ್ ಸರಿಸೋ ಪ್ಯಾಚ್‌ನಲ್ಲಿ ಬೇಸ್‌ಲೈನ್ ಬದಲಾವಣೆ ಒಂದೂ ಇರಬಾರದು. ಇದ್ರೆ ಆ ಸಾಲು ಯಾಕೆ ಬದಲಾಯ್ತು ಅಂತ ರಿವ್ಯೂವರ್‌ಗೆ ವಿವರಿಸಬೇಕು.

#5 ಕುಡ್ಲ_ಕೋಡರ್

ಅಲ್ಲ ಮಾರಾಯ್ರೆ, ಬೇಸ್‌ಲೈನ್ ಬದಲಾವಣೆ ಇಲ್ಲದೆ ಹೇಗೆ ಆಗ್ತದೆ? ಶಾಖೆ ಹಳೇದಾದ್ರೆ ಕನ್ಸೋಲ್ ಮೆಸೇಜ್‌ನಲ್ಲಿ ಸಾಲಿನ ನಂಬರ್ ಬರ್ತದಲ್ಲ. ಹೆಲ್ಪರ್ ಫೈಲಿನ ಮೇಲೆ ಲೈಸೆನ್ಸ್ ಕಮೆಂಟ್ ಎರಡು ಸಾಲು ಹಾಕಿದ್ರೆ ಸಾಕು, ಆ ಫೈಲಿಂದ ಎರರ್ ಬರುವ ಎಲ್ಲಾ ಟೆಸ್ಟ್‌ಗಳ ಎಕ್ಸ್‌ಪೆಕ್ಟೆಡ್ ಫೈಲ್ ಹಾಳು. ಲೋಡ್ ಆದ ಪ್ರತಿ ರಿಸೋರ್ಸಿನ ಹೆಸರು ಪ್ರಿಂಟ್ ಮಾಡುವ ಟೆಸ್ಟ್‌ಗಳು ಉಂಟು, ಅದರಲ್ಲಿ ಪಾತೇ ಬರ್ತದೆ.

#6 ಎಕ್ಸ್‌ಪೆಕ್ಟೆಡ್_ಟಿಎಕ್ಸ್‌ಟಿ

ಅವನ್ನ ಪ್ರತ್ಯೇಕ ಪ್ಯಾಚಲ್ಲಿ ಹಾಕಿ ಅಂತಾನೇ ನಾನು ಹೇಳ್ತಿರೋದು. ಸರಿಸೋವಾಗ ಫೈಲಿನ ಒಳಗೆ ಒಂದು ಅಕ್ಷರವೂ ಮುಟ್ಟಬಾರದು. ಲೈಸೆನ್ಸ್ ಕಮೆಂಟು, ಇಂಡೆಂಟೇಷನ್ನು, ವಾರ್ ತೆಗೆದು ಲೆಟ್ ಹಾಕೋ ಉತ್ಸಾಹ, ಎಲ್ಲಾ ಆಮೇಲೆ.

#7 ಧಾರವಾಡ_ಪೇಡಾ

ನನ್ನ ಮಾತ ಕೇಳ್ರಿ, ಸ್ಟಬ್ ಒಟ್ಟ ಇಡಬ್ಯಾಡ್ರಿ. ಈಗೊಂದು ಆರು ತಿಂಗಳಿಗೆ ಅಂತ ಇಡ್ತೀರಿ, ಅದು ಅಲ್ಲೇ ಅಟ್ಟದ ಮ್ಯಾಲಿನ ಸಾಮಾನ ಆಗಿ ಕೂಡ್ತದ. ಹೊಸದಾಗಿ ಬಂದ ಹುಡುಗ್ರು ಟೆಸ್ಟ್ ಬರೀವಾಗ ಏನ್ ಮಾಡ್ತಾರ? ಬಾಜೂಕಿನ ಟೆಸ್ಟ್ ನೋಡಿ ಕಾಪಿ ಹೊಡೀತಾರ. ಬಾಜೂಕಿಂದು ಹಳೇ ಪಾತ್. ಮತ್ತ ಹಳೇ ಪಾತ್ ಬೆಳೀತಾ ಹೊಕ್ಕದ. ಅಪ್‌ಸ್ಟ್ರೀಮ್ ಪಾತ್ ಬದಲಿ ಮಾಡಿ ಹತ್ತು ವರ್ಷದ ಮ್ಯಾಲಾತು, ಇವರ ಹಂತ್ಯಾಕ ಇನ್ನೂ ಹಳೇದು ಐತಿ ಅಂದ್ರ ಅದಕ್ಕ ಕಾರಣ ಏನು? ಅವತ್ತು ಯಾರೋ ಹಳೇ ಜಾಗಾದಾಗ ಒಂದು ಪ್ರತಿ ಬಿಟ್ಟದ್ದು.

#8 ಮ್ಯೂನಿಕ್_ಮೈಸೂರು

ಧಾರವಾಡದವರ ಮಾತು ಒಪ್ಪೋಕೆ ಇನ್ನೊಂದು ಕಾರಣ ಕೊಡ್ತೀನಿ. ಸ್ಟಬ್ ಅಂದ ತಕ್ಷಣ ಎಲ್ಲರೂ ಬರೆಯೋದು ಡಾಕ್ಯುಮೆಂಟ್.ರೈಟ್, ಹಳೇ ಫೈಲಿನಿಂದ ಹೊಸ ಫೈಲಿನ ಸ್ಕ್ರಿಪ್ಟ್ ಟ್ಯಾಗ್ ಬರೆಸೋದು. ಮಾಮೂಲಿ ಎಚ್‌ಟಿಎಂಎಲ್‌ನಲ್ಲಿ ಪಾರ್ಸರ್ ಅಲ್ಲೇ ನಿಂತು ಹೊಸ ಸ್ಕ್ರಿಪ್ಟ್ ಓಡಿಸಿ ಮುಂದೆ ಹೋಗುತ್ತೆ, ಕೆಲಸ ಆಗುತ್ತೆ. ಎಕ್ಸ್‌ಎಚ್‌ಟಿಎಂಎಲ್ ಮತ್ತು ಎಸ್‌ವಿಜಿ ಡಾಕ್ಯುಮೆಂಟಲ್ಲಿ ಡಾಕ್ಯುಮೆಂಟ್.ರೈಟ್ ಕರೆದ್ರೆ ಎಕ್ಸೆಪ್ಷನ್. ವರ್ಕರ್ ಒಳಗೆ ಡಾಕ್ಯುಮೆಂಟೇ ಇಲ್ಲ. ಅಂದ್ರೆ ಸ್ಟಬ್ಬಿಗೆ ವರ್ಕರ್‌ದೊಂದು ದಾರಿ, ಎಕ್ಸ್‌ಎಂಎಲ್‌ದೊಂದು ದಾರಿ, ಹೀಗೆ ಮೂರು ಕವಲು ಬೇಕು. ಎಕ್ಸ್‌ಎಂಎಲ್‌ಗೆ ಡಾಮ್ ಮೂಲಕ ಸ್ಕ್ರಿಪ್ಟ್ ಸೇರಿಸಿದ್ರೆ ಅದು ಪಾರ್ಸರನ್ನ ಕಾಯಿಸಲ್ಲ, ಕೆಳಗಿನ ಸ್ಕ್ರಿಪ್ಟು ಮೊದಲೇ ಓಡಿ ಶುಡ್‌ಬಿ (ಜೆಎಸ್-ಟೆಸ್ಟ್‌ನ ಹೋಲಿಸೋ ಫಂಕ್ಷನ್) ಎಲ್ಲಿ ಅಂತ ಕೇಳುತ್ತೆ.

#9 ಮೂರನೇ_ಮಹಡಿ

ಹೊಸ ಫೈಲಿಗೆ ತೋರಿಸೋ ಸಿಮ್‌ಲಿಂಕ್ ಇಟ್ರಾಯ್ತಲ್ಲ? ಇಷ್ಟೆಲ್ಲ ಯಾಕೆ.

#10 ಮ್ಯೂನಿಕ್_ಮೈಸೂರು

@ಮೂರನೇ_ಮಹಡಿ ವಿಂಡೋಸ್‌ನಲ್ಲಿ ಗಿಟ್‌ನ ಕೋರ್.ಸಿಮ್‌ಲಿಂಕ್ಸ್ ಆಫ್ ಇದ್ರೆ ಆ ಲಿಂಕು ಒಂದು ಸಾಲಿನ ಪಠ್ಯ ಫೈಲ್ ಆಗಿ ಇಳಿಯುತ್ತೆ. ಒಳಗೆ ಬರೀ ಪಾತ್. ಅದನ್ನ ಜಾವಾಸ್ಕ್ರಿಪ್ಟ್ ಅಂತ ಓದಿಸಿ ನೋಡಿ, ಚೆನ್ನಾಗಿರುತ್ತೆ.

#11 ಮೂರನೇ_ಮಹಡಿ

ಸೆಟ್‌ಟಾಪ್ ಬಾಕ್ಸಿಗೆ ವಿಂಡೋಸಲ್ಲಿ ಬಿಲ್ಡ್ ಮಾಡೋರು ಯಾರು ಗುರು? ಅವರದು ಪೂರ್ತಿ ಲಿನಕ್ಸ್. ಅಪಾಚೆಗೆ ಫಾಲೋ-ಸಿಮ್‌ಲಿಂಕ್ಸ್ ಕೊಟ್ರೆ ಎಚ್‌ಟಿಟಿಪಿ ಟೆಸ್ಟೂ ಓಡುತ್ತೆ. ಎಲ್ಲಾ ಪ್ಲಾಟ್‌ಫಾರ್ಮಿಗೂ ಉತ್ತರ ಕೊಡೋಕೆ ಇದು ಅಪ್‌ಸ್ಟ್ರೀಮ್ ಅಲ್ಲ.

#12 ಬಿಲ್ಡ್_ಮುರೀತು

ಲಿನಕ್ಸ್ ಒಂದೇ, ಹೌದು. ಆದ್ರೂ #7ರ ಮಾತು ಸಿಮ್‌ಲಿಂಕಿಗೂ ಅನ್ವಯ ಆಗುತ್ತಲ್ಲ, ಹಳೇ ಪಾತ್ ಜೀವಂತ ಇರುತ್ತೆ.

ಎಚ್‌ಟಿಟಿಪಿ ಅಂದ್ರಿ, ಒಂದು ಅನುಮಾನ. ಎಚ್‌ಟಿಟಿಪಿ/ಟೆಸ್ಟ್ಸ್ ಒಳಗಿನ ನಮ್ಮ ಟೆಸ್ಟ್‌ಗಳಲ್ಲಿ ಪಾತ್ ಬೇರೆ ಥರ ಇದೆ, ಸ್ಲ್ಯಾಶ್‌ನಿಂದ ಶುರುವಾಗಿ ಜೆಎಸ್-ಟೆಸ್ಟ್-ರಿಸೋರ್ಸಸ್ ಅಂತ. ಅಂಥ ಫೋಲ್ಡರ್ ಮರದಲ್ಲಿ ಎಲ್ಲೂ ಇಲ್ಲ. ಎಲ್ಲಿಂದ ಬರ್ತಿದೆ ಅದು?

#13 ಹಳೇಪರ್ಲ್

ಅದು ಫೋಲ್ಡರ್ ಅಲ್ಲ, ಅಪಾಚೆ ವೆಬ್ ಸರ್ವರಿನ ಏಲಿಯಾಸ್, ಬೇರೆ ಫೋಲ್ಡರಿಗೆ ಕೊಟ್ಟ ಅಡ್ಡಹೆಸರು. ಎಚ್‌ಟಿಟಿಪಿ ಟೆಸ್ಟ್‌ಗಳು 127.0.0.1ರ 8000, 8080 ಪೋರ್ಟಿಂದ ಓಡುತ್ತವೆ, ಟಿಎಲ್‌ಎಸ್ ಬೇಕಾದವು 8443ರಿಂದ. ಸರ್ವರಿನ ಡಾಕ್ಯುಮೆಂಟ್ ರೂಟ್ ಇರೋದು ಎಚ್‌ಟಿಟಿಪಿ/ಟೆಸ್ಟ್ಸ್‌ನಲ್ಲಿ. ಹಾಗಾಗಿ ಎಷ್ಟು ಚುಕ್ಕಿ-ಚುಕ್ಕಿ ಹಾಕಿದ್ರೂ ಅದರಾಚೆ ಇರೋ ಲೇಔಟ್‌ಟೆಸ್ಟ್ಸ್/ರಿಸೋರ್ಸಸ್ ಮುಟ್ಟಲ್ಲ. ಅದಕ್ಕೇ ಸರ್ವರ್ ಎಬ್ಬಿಸೋ ಪೈಥಾನ್ ಕೋಡು ಆ ಏಲಿಯಾಸ್ ಸೇರಿಸುತ್ತೆ. ಮೀಡಿಯಾ-ರಿಸೋರ್ಸಸ್ ಕೂಡ ಅದೇ ಥರ.

ನಿಮ್ಮ ಹೊಸ ಫೋಲ್ಡರ್ ಮೇಲಿನ ರಿಸೋರ್ಸಸ್ ಒಳಗೇ ಇದ್ರೆ ಏಲಿಯಾಸ್ ಮುಟ್ಟಬೇಕಿಲ್ಲ. ಬೇರೆ ಕಡೆ ಇಟ್ರೆ ಹೊಸ ಏಲಿಯಾಸ್ ಬೇಕು, ವರ್ಷಕ್ಕೊಂದ್ಸಲ ಅಪ್‌ಸ್ಟ್ರೀಮ್ ಸೇರಿಸುವಾಗೆಲ್ಲ ಅಲ್ಲೊಂದು ಕಾನ್ಫ್ಲಿಕ್ಟ್ ಖಾತ್ರಿ. ಇದೊಂದೇ ಕಾರಣಕ್ಕೆ ಹೊಸ ಜಾಗ ಹುಡುಕಬೇಡಿ ಅಂತೀನಿ.

#14 ಸುಮ್ನೆ_ನೋಡ್ತಿದೀನಿ

ಜೆಎಸ್-ಟೆಸ್ಟ್ ಅನ್ನೋದನ್ನೇ ಎತ್ತಿ ಬಿಸಾಕಿ ಇಎಸ್ ಮಾಡ್ಯೂಲ್ ಮಾಡಿ. ಯಾವ ಶತಮಾನದಲ್ಲಿದೀರಿ.

#15 ನಿಧಾನಿ

@ಸುಮ್ನೆ_ನೋಡ್ತಿದೀನಿ ಶುಡ್‌ಬಿ ಹೇಗೆ ಕೆಲಸ ಮಾಡುತ್ತೆ ನೋಡಿದೀರಾ? ಎರಡು ಸ್ಟ್ರಿಂಗ್ ತಗೊಂಡು ಗ್ಲೋಬಲ್‌ನಲ್ಲಿ ಇವಾಲ್ ಮಾಡುತ್ತೆ. ಎಕ್ಸ್‌ಪೆಕ್ಟೆಡ್ ಫೈಲಲ್ಲಿ ಬರೆದ ಅಭಿವ್ಯಕ್ತಿ ಹಾಗೇ ಪ್ರಿಂಟ್ ಆಗೋದು ಅದರಿಂದಲೇ. ಟೆಸ್ಟನ್ನ ಮಾಡ್ಯೂಲ್ ಒಳಗೆ ಹಾಕಿದ ಕೂಡಲೇ ಅದರ ವೇರಿಯಬಲ್‌ಗಳು ಇವಾಲ್‌ಗೆ ಕಾಣಲ್ಲ. ಜೊತೆಗೆ ಮಾಡ್ಯೂಲ್ ಯಾವಾಗಲೂ ಡಿಫರ್, ಮಾಮೂಲಿ ಇನ್‌ಲೈನ್ ಸ್ಕ್ರಿಪ್ಟು ಅದಕ್ಕಿಂತ ಮೊದಲೇ ಓಡಿ ಮುಗಿದಿರುತ್ತೆ. ಎಲ್ಲಾ ಟೆಸ್ಟನ್ನೂ ಕೈಯಲ್ಲಿ ತಿರುಗಿ ಬರೀಬೇಕಾಗುತ್ತೆ. ನಿಮಗೆ ಬಿಡುವಿದ್ರೆ ಬನ್ನಿ.

#16 ಕುಡ್ಲ_ಕೋಡರ್

ಪ್ರೀ, ಪೋಸ್ಟ್ ಎರಡನ್ನು ಒಂದೇ ಜೆಎಸ್-ಟೆಸ್ಟ್ ಮಾಡುವ ವಿಷಯ ಯಾರೂ ಹೇಳ್ಲಿಲ್ಲ. ಅದು ನೋಡ್ಲಿಕ್ಕೆ ಸಣ್ಣ ಬದಲಾವಣೆ, ಆದ್ರೆ ಸಣ್ಣದಲ್ಲ. ಪೋಸ್ಟ್ ಫೈಲ್ ಎಲ್ಲಿ ಇದೆಯೋ ಅಲ್ಲಿ, ಆ ಕ್ಷಣಕ್ಕೆ "ಟೆಸ್ಟ್ ಕಂಪ್ಲೀಟ್" ಪ್ರಿಂಟ್ ಆಗ್ತದೆ. ಒಂದೇ ಫೈಲ್ ಆದ್ರೆ ಅದು ತಾನೇ ಒಂದು ಈವೆಂಟಿಗೆ ಕಾದು ಆಮೇಲೆ ಮುಗಿಸ್ತದೆ. ನಡುವೆ ಟೆಸ್ಟ್ ಎಂತಾದ್ರೂ ಪ್ರಿಂಟ್ ಮಾಡಿದ್ರೆ ಸಾಲುಗಳ ಕ್ರಮ ಹಿಂದೆಮುಂದೆ. ಲೋಡ್ ಆದ ರಿಸೋರ್ಸ್ ಎಷ್ಟು, ಪುಟದಲ್ಲಿ ಸ್ಕ್ರಿಪ್ಟ್ ಎಲಿಮೆಂಟ್ ಎಷ್ಟು ಅಂತ ಎಣಿಸುವ ಟೆಸ್ಟ್‌ಗಳಲ್ಲಿ ಲೆಕ್ಕವೇ ಒಂದು ಕಡಿಮೆ ಆಗ್ತದೆ.

ಮಾಡ್ಬೇಡಿ ಅಂತ ಅಲ್ಲ. ಜಾಗ ಬದಲಿಸುವ ಕೆಲಸದ ಜೊತೆ ಬೆರೆಸ್ಬೇಡಿ ಅಷ್ಟೇ.

#17 ನಿಧಾನಿ

ಇಷ್ಟು ಹೊತ್ತು ಎಲ್ಲರೂ ಮುರಿಯೋ ಟೆಸ್ಟ್‌ಗಳ ಬಗ್ಗೆ ಮಾತಾಡ್ತಿದೀವಿ. ಮುರಿಯೋವು ಪುಣ್ಯಾತ್ಮ ಟೆಸ್ಟ್‌ಗಳು, ಕೂಗಿ ಹೇಳುತ್ತವೆ. ನನಗೆ ಭಯ ಇರೋದು ಪಾಸ್ ಆಗ್ತಾನೇ ಇರೋವುಗಳದ್ದು.

ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಟೆಸ್ಟ್‌ಗಳನ್ನ ತಗೊಳ್ಳಿ. "ಈ ಪಾಲಿಸಿ ಇದ್ದಾಗ ಈ ಸ್ಕ್ರಿಪ್ಟ್ ಓಡಬಾರದು" ಅನ್ನೋದು ಟೆಸ್ಟ್. ಆ ಸ್ಕ್ರಿಪ್ಟ್ ಫೈಲನ್ನೇ ನೀವು ಬೇರೆ ಕಡೆ ಸರಿಸಿ, ಟೆಸ್ಟಲ್ಲಿ ಪಾತ್ ಬದಲಿಸೋದು ಬಿಟ್ಟುಹೋದ್ರೆ? ಸ್ಕ್ರಿಪ್ಟ್ ಓಡಲ್ಲ. ಟೆಸ್ಟ್ ಪಾಸ್. ಓಡದೇ ಇದ್ದಿದ್ದು ಪಾಲಿಸಿ ತಡೆದಿದ್ದಕ್ಕಲ್ಲ, ಫೈಲ್ ಸಿಗದೆ 404 ಬಂದಿದ್ದಕ್ಕೆ. ನಾಳೆ ಪಾಲಿಸಿ ಕೋಡ್ ಪೂರ್ತಿ ಕಿತ್ತುಹಾಕಿದ್ರೂ ಆ ಟೆಸ್ಟ್ ಹಸಿರೇ. ಕ್ರಾಸ್-ಆರಿಜಿನ್ ನಿರ್ಬಂಧ, ಮಿಕ್ಸ್ಡ್ ಕಂಟೆಂಟ್, ಸ್ಯಾಂಡ್‌ಬಾಕ್ಸ್ ಐಫ್ರೇಮ್, "ಆಗಬಾರದು" ಅಂತ ಪರೀಕ್ಷಿಸೋ ಎಲ್ಲದಕ್ಕೂ ಇದೇ ಗತಿ. ಭದ್ರತೆಯ ಟೆಸ್ಟ್‌ಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಇದಕ್ಕೆ ನಾನು ಮಾಡೋ ಉಪಾಯ ಹೇಳ್ತೀನಿ. ಸರಿಸೋಕೆ ಮುಂಚೆ, ಹಳೇ ಜಾಗದ ಹೆಲ್ಪರ್ ಫೈಲಿನ ಮೊದಲ ಸಾಲಲ್ಲಿ ಬೇಕಂತಲೇ ಎರರ್ ಎಸೆಯೋ ಒಂದು ಥ್ರೋ ಹಾಕಿ. ಇಡೀ ಸೂಟ್ ಓಡಿಸಿ. ಯಾವ್ಯಾವ ಟೆಸ್ಟ್ ಫೇಲ್ ಆಯ್ತೋ ಅವೇ ನಿಜವಾಗಿ ಆ ಹೆಲ್ಪರ್ ಮೇಲೆ ನಿಂತಿರೋವು. ಪಟ್ಟಿ ಉಳಿಸಿಕೊಳ್ಳಿ. ಥ್ರೋ ತೆಗೆದು, ಸರಿಸಿ, ಪಾತ್ ಬದಲಿಸಿ, ಸೂಟ್ ಹಸಿರಾಗೋದು ನೋಡಿ. ಆಮೇಲೆ ಹೊಸ ಜಾಗದ ಫೈಲಿಗೆ ಅದೇ ಥ್ರೋ ಹಾಕಿ ಮತ್ತೆ ಓಡಿಸಿ. ಎರಡು ಪಟ್ಟಿಗೂ ಡಿಫ್ ಹೊಡೀರಿ. ಮೊದಲ ಪಟ್ಟಿಯಲ್ಲಿದ್ದು ಎರಡನೇದರಲ್ಲಿ ಇಲ್ಲ ಅಂದ್ರೆ ಆ ಟೆಸ್ಟ್ ಇನ್ನೂ ಬೇರೆ ಯಾವುದೋ ಪ್ರತಿಯನ್ನ ಎಳೀತಿದೆ, ಇಲ್ಲಾ ಏನನ್ನೂ ಎಳೀತಿಲ್ಲ.

"ಓಡಬಾರದು" ಜಾತಿಗೆ ಈ ಥ್ರೋ ಕೆಲಸ ಮಾಡಲ್ಲ, ಯಾಕಂದ್ರೆ ಆ ಫೈಲು ಎರಡೂ ಸಲ ಓಡಲ್ಲ. ಅದಕ್ಕೆ ಜೋಡಿ ಟೆಸ್ಟ್ ಬೇಕು: ಅದೇ ಪಾತ್, ಅದೇ ಫೈಲ್, ಪಾಲಿಸಿ ಮಾತ್ರ ಇಲ್ಲ, ಈ ಸಲ ಓಡಲೇಬೇಕು. ಆ ಜೋಡಿ ಇಲ್ಲದಿದ್ರೆ ಸರಿಸೋಕೆ ಮುಂಚೆ ಬರೀರಿ.

#18 ಎಕ್ಸ್‌ಪೆಕ್ಟೆಡ್_ಟಿಎಕ್ಸ್‌ಟಿ

ಥ್ರೋ ಉಪಾಯ ಚೆನ್ನಾಗಿದೆ. ಒಂದು ತೂತಿದೆ ಆದ್ರೆ. ಟೆಸ್ಟ್‌ಎಕ್ಸ್‌ಪೆಕ್ಟೇಷನ್ಸ್ ಫೈಲಲ್ಲಿ ಸ್ಕಿಪ್ ಅಂತ ಗುರುತು ಹಾಕಿರೋವು ಎರಡೂ ಪಟ್ಟಿಯಲ್ಲಿ ಕಾಣಲ್ಲ. ಫೋರ್ಕ್‌ಗಳಲ್ಲಿ ಆ ಫೈಲು ಎಷ್ಟುದ್ದ ಇರುತ್ತೆ ಅಂತ ಎಲ್ಲರಿಗೂ ಗೊತ್ತು.

#19 ನಿಧಾನಿ

--ಸ್ಕಿಪ್ಡ್=ಇಗ್ನೋರ್ ಕೊಟ್ರೆ ಅವೂ ಓಡುತ್ತವೆ. ಕ್ರ್ಯಾಶ್, ಟೈಮ್‌ಔಟ್ ಎಲ್ಲಾ ಬರುತ್ತೆ, ರಾತ್ರಿ ಬಿಟ್ಟು ಹೋಗಬೇಕು. ಮೊದಲಿಂದಲೂ ಫೇಲ್ ಆಗ್ತಿರೋವು ಥ್ರೋದಿಂದ ಹೊಸದಾಗೇನೂ ಫೇಲ್ ಆಗಲ್ಲ, ಅವುಗಳ ಔಟ್‌ಪುಟ್ ಫೈಲನ್ನೇ ಹೋಲಿಸಿ ನೋಡಬೇಕು. ಪೂರ್ತಿ ಭದ್ರ ಅಂತ ನಾನೂ ಹೇಳಲ್ಲ.

#20 ಹಳೇಪರ್ಲ್

ಜೆಎಸ್‌ಸಿ ಶೆಲ್ (ಬ್ರೌಸರಿಲ್ಲದೆ ವೆಬ್‌ಕಿಟ್‌ನ ಜಾವಾಸ್ಕ್ರಿಪ್ಟ್ ಎಂಜಿನ್ ಓಡಿಸೋದು) ಮರೀಬೇಡಿ. ಲೇಔಟ್‌ಟೆಸ್ಟ್ಸ್/ಜೆಎಸ್ ಒಳಗಿನ ಸ್ಕ್ರಿಪ್ಟ್-ಟೆಸ್ಟ್ಸ್ ಬ್ರೌಸರಿನಲ್ಲಿ ಮಾತ್ರ ಓಡಲ್ಲ, ರನ್-ಜೆಎಸ್‌ಸಿ-ಸ್ಟ್ರೆಸ್-ಟೆಸ್ಟ್ಸ್ ಕೂಡ ಅವನ್ನ ಎತ್ಕೊಂಡು ಸ್ಟ್ಯಾಂಡ್‌ಅಲೋನ್-ಪ್ರೀ, ಸ್ಟ್ಯಾಂಡ್‌ಅಲೋನ್-ಪೋಸ್ಟ್ ಜೊತೆ ಬರೀ ಶೆಲ್ಲಲ್ಲಿ ಓಡಿಸುತ್ತೆ. ಅಲ್ಲಿ ಡಾಮ್ ಇಲ್ಲ, ಪುಟ ಇಲ್ಲ. ರಿಸೋರ್ಸಸ್ ಫೋಲ್ಡರಿನ ಒಳಗೆ ಇನ್ನೊಂದು ಉಪಫೋಲ್ಡರ್ ಮಾಡಿ ಎಲ್ಲಾ ಅಚ್ಚುಕಟ್ಟಾಗಿ ಜೋಡಿಸ್ತೀನಿ ಅಂತ ಆ ಎರಡನ್ನೂ ಅದಕ್ಕೆ ತಳ್ಳಿದ್ರೆ ಲೇಔಟ್ ಟೆಸ್ಟ್ ಎಲ್ಲಾ ಹಸಿರು, ಬೇರೆ ಬಾಟ್ (ಟೆಸ್ಟ್ ಓಡಿಸೋ ಮಷೀನ್) ಮೇಲೆ ಜೆಎಸ್‌ಸಿ ಎಲ್ಲಾ ಕೆಂಪು.

ಆ ರನ್ನರ್ ರೂಬಿಯಲ್ಲಿದೆ, ಟೂಲ್ಸ್/ಸ್ಕ್ರಿಪ್ಟ್ಸ್‌ನಲ್ಲಿ ಪರ್ಲ್ ಇನ್ನೂ ಉಸಿರಾಡ್ತಿದೆ, ಉಳಿದಿದ್ದು ಪೈಥಾನ್. ಒಂದೇ ಭಾಷೆಯಲ್ಲಿ ಗ್ರೆಪ್ ಮಾಡಿ ಆಯ್ತು ಅನ್ಕೋಬೇಡಿ.

#21 ಮೂರನೇ_ಮಹಡಿ

ಪರ್ಲ್ ಬಗ್ಗೆ ಮಾತು ಬಂದ ತಕ್ಷಣ ಇವರ ಮುಖದಲ್ಲಿ ಕಳೆ ನೋಡಿ.

#22 ಹಳೇಪರ್ಲ್

ಹೆಸರಲ್ಲೇ ಇದೆಯಲ್ಲಪ್ಪ, ಏನ್ ಮಾಡೋದು.

#23 ಶರಾವತಿ_ತೀರ

ಸ್ವಲ್ಪ ವಿರುದ್ಧವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಆ ನಾಲ್ಕೈದು ಯುಟಿಲ್ಸ್.ಜೆಎಸ್‌ಗಳನ್ನ ಒಂದು ಮಾಡಲೇಬೇಕಾ? ಟೆಸ್ಟ್ ಕೋಡಿಗೂ ಉತ್ಪನ್ನದ ಕೋಡಿಗೂ ಒಂದೇ ನಿಯಮ ಹಚ್ಚೋದು ನನಗೆ ಸರಿ ಕಾಣಲ್ಲ. ಬಗ್ ಬಂದಾಗ ಒಂದು ಟೆಸ್ಟ್ ತೆಗೆದು, ಅದೊಂದನ್ನೇ ಸಣ್ಣದು ಮಾಡ್ತಾ ಹೋಗೋಕೆ ಆಗಬೇಕು. ಎಲ್ಲಾ ಫಂಕ್ಷನ್ನೂ ನಾಲ್ಕು ಫೋಲ್ಡರಿನಾಚೆಗೆ ಹೋದ್ರೆ ಟೆಸ್ಟ್ ಓದೋದೇ ಕಷ್ಟ. ಹತ್ತು ಸಾಲಿನ ಫಂಕ್ಷನ್ ಎರಡು ಕಡೆ ಇದ್ರೆ ಇರಲಿ ಬಿಡಿ.

#24 ಬಿಲ್ಡ್_ಮುರೀತು

@ಶರಾವತಿ_ತೀರ ಪ್ರತಿಗಳು ಒಂದೇ ಥರ ಇದ್ದಿದ್ರೆ ನಾನೂ ಬಿಡ್ತಿದ್ದೆ. ಒಂದರಲ್ಲಿ ರಿಕ್ವೆಸ್ಟ್ ಅನಿಮೇಷನ್ ಫ್ರೇಮ್ ಎರಡು ಸಲ ಕಾಯ್ತಾರೆ. ಇನ್ನೊಂದರಲ್ಲಿ ಸೆಟ್‌ಟೈಮ್‌ಔಟ್ 100 ಮಿಲಿಸೆಕೆಂಡ್. ಲ್ಯಾಪ್‌ಟಾಪಿನಲ್ಲಿ 100 ಸಾಕು. ನಿಜವಾದ ಬಾಕ್ಸ್ ಮೇಲೆ, ಅದೂ ಡೀಬಗ್ ಬಿಲ್ಡಲ್ಲಿ, ಸಾಲಲ್ಲ. ನಮ್ಮ ಫ್ಲೇಕಿ (ಒಮ್ಮೆ ಪಾಸ್, ಒಮ್ಮೆ ಫೇಲ್) ಪಟ್ಟಿ ತೆಗೆದು ನೋಡಿದ್ರೆ ಬಹುತೇಕ ಈ ಸೆಟ್‌ಟೈಮ್‌ಔಟ್ ಪ್ರತಿ ಎಳೆಯೋವೇ. ಹೆಸರು ಎರಡಕ್ಕೂ ಒಂದೇ, ವೇಟ್‌ಫಾರ್‌ಫ್ರೇಮ್.

#25 ಶರಾವತಿ_ತೀರ

ಹಾಗಿದ್ರೆ ಅದೊಂದನ್ನ ಒಂದು ಮಾಡಿ. ಇದಕ್ಕೆ ಕಾರಣ ಇದೆ. "ಎಲ್ಲಾ ಒಂದೇ ಕಡೆ" ಅನ್ನೋದು ಕಾರಣ ಅಲ್ಲ, ಮ್ಯಾನೇಜರ್ ಸ್ಲೈಡಿನ ಸಾಲು.

#26 ಧಾರವಾಡ_ಪೇಡಾ

ಭೇಷ್!

#27 ಮ್ಯೂನಿಕ್_ಮೈಸೂರು

ಟೆಸ್ಟ್‌ಹಾರ್ನೆಸ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಹೊಸ ಟೆಸ್ಟ್‌ಗಳಿಗೆ ಅದೇ ಬಳಸಿ, ಎರಡು ಮಾತಿಲ್ಲ. ಅಸರ್ಟ್_ಈಕ್ವಲ್ಸ್‌ಗೆ ನೇರ ಮೌಲ್ಯ ಕೊಡ್ತೀರಿ, ಇವಾಲ್ ಕಾಟ ಇಲ್ಲ, ಪ್ರಾಮಿಸ್_ಟೆಸ್ಟ್ ಇರೋದ್ರಿಂದ ಅಸಿಂಕ್ ಬರೆಯೋದೂ ಸಲೀಸು. ಎಲ್ಲಾ ಬ್ರೌಸರಿಗೂ ಸಾಮಾನ್ಯವಾದ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಭಂಡಾರದಲ್ಲಿ ಸಹಾಯಕ ಫೈಲ್‌ಗಳಿಗೆ ಜಾಗದ ನಿಯಮವೂ ಇದೆ. ರಿಸೋರ್ಸಸ್, ಸಪೋರ್ಟ್, ಟೂಲ್ಸ್ ಅನ್ನೋ ಹೆಸರಿನ ಫೋಲ್ಡರ್ ಒಳಗಿನದನ್ನ ಮ್ಯಾನಿಫೆಸ್ಟ್ ಟೆಸ್ಟ್ ಅಂತ ಎಣಿಸಲ್ಲ. ಎಲ್ಲರೂ ಹಂಚಿಕೊಳ್ಳೋವು ಮೇಲಿನ ಕಾಮನ್ ಫೋಲ್ಡರಲ್ಲಿ. ಟೆಸ್ಟ್‌ಹಾರ್ನೆಸ್ಸನ್ನ ಬೇರೆ ಪಾತ್‌ನಿಂದ ಕರೆದ್ರೆ ಲಿಂಟ್ ಅಲ್ಲೇ ಹಿಡಿಯುತ್ತೆ. ಅಲ್ಲೂ ಸಿಎಸ್‌ಎಸ್ ಟೆಸ್ಟ್‌ಗಳು ಸಪೋರ್ಟ್ ಅಂತಾವೆ, ಮಿಕ್ಕವು ರಿಸೋರ್ಸಸ್ ಅಂತಾವೆ, ಯಾರೂ ತಲೆ ಕೆಡಿಸಿಕೊಂಡಿಲ್ಲ.

ಆದ್ರೆ ಆ ಭಂಡಾರದಿಂದ ತಂದಿಟ್ಟ ಇಂಪೋರ್ಟೆಡ್/ಡಬ್ಲ್ಯೂ3ಸಿ ಒಳಗೆ ಮಾತ್ರ ಕೈ ಹಾಕಬೇಡಿ. ಅದರ ಟೆಸ್ಟ್‌ಹಾರ್ನೆಸ್‌ರಿಪೋರ್ಟ್ ಫೈಲು ಮಾತ್ರ ಆಯಾ ಎಂಜಿನ್ನಿನವರು ತಮ್ಮದು ಹಾಕ್ಕೊಳ್ಳೋಕೆ ಅಂತ ಬಿಟ್ಟಿರೋದು, ಉಳಿದಿದ್ದು ಮುಂದಿನ ಇಂಪೋರ್ಟಲ್ಲಿ ಒರೆಸಿ ಹೋಗುತ್ತೆ.

#28 ಕುಡ್ಲ_ಕೋಡರ್

ಫೈರ್‌ಫಾಕ್ಸ್‌ನವರ ಮೋಚಿಟೆಸ್ಟ್ ಕ್ರಮ ನಂಗೆ ಇಷ್ಟ. ಮ್ಯಾನಿಫೆಸ್ಟಲ್ಲಿ ಸಪೋರ್ಟ್-ಫೈಲ್ಸ್ ಅಂತ ಬರೀಲೇಬೇಕು. ಬರೀದಿದ್ರೆ ಆ ಫೈಲ್ ಟೆಸ್ಟ್ ಜಾಗಕ್ಕೆ ಹೋಗುವುದೇ ಇಲ್ಲ. ಅವರ ಸಹಾಯಕ ಸ್ಕ್ರಿಪ್ಟ್ ಸಿಂಪಲ್‌ಟೆಸ್ಟ್ ಕೂಡ ರೂಟಿಂದ ಶುರುವಾಗುವ ಪಾತ್‌ನಲ್ಲಿ ಉಂಟು, ಚುಕ್ಕಿ-ಚುಕ್ಕಿ ಎಣಿಸುವ ಪ್ರಶ್ನೆ ಇಲ್ಲ. ಯಾವ ಟೆಸ್ಟ್ ಯಾರನ್ನು ನೆಚ್ಚಿಕೊಂಡಿದೆ ಅಂತ ಕಾಗದದ ಮೇಲೆ ಇರ್ತದೆ.

#29 ಸುಮ್ನೆ_ನೋಡ್ತಿದೀನಿ

ಇದಕ್ಕೆ ಸಂಬಂಧ ಇಲ್ಲ, ಆದ್ರೂ ಕೇಳ್ತೀನಿ. ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್‌ನ ಸಿಎಸ್‌ಎಸ್-ಕೌಂಟರ್-ಸ್ಟೈಲ್ಸ್ ಒಳಗೆ ಕನ್ನಡ ಅಂತಾನೇ ಒಂದು ಫೋಲ್ಡರ್ ಇದೆ ನೋಡಿದೀರಾ? ಪಟ್ಟಿಗೆ ೧, ೨, ೩ ಬರೋದನ್ನ ಪರೀಕ್ಷಿಸೋಕೆ. ಖುಷಿ ಆಯ್ತು.

#30 ನಿಧಾನಿ

ನೋಡಿದೀನಿ. ಲಿಸ್ಟ್-ಸ್ಟೈಲ್-ಟೈಪ್‌ಗೆ ಕನ್ನಡ ಅಂತ ಬರೆದ್ರೆ ಬರೋ ಅಂಕಿಗಳು. ಸಂಬಂಧ ಇಲ್ಲ ಅಂತೀರಿ, ಇದೆ. ಅಂಥ ಟೆಸ್ಟನ್ನ ರೆಫ್‌ಟೆಸ್ಟ್ ಆಗಿ (ಎರಡು ಪುಟದ ಚಿತ್ರ ಹೋಲಿಸೋದು), ಕನ್ನಡ ಫಾಂಟೇ ಇಲ್ಲದ ಬಾಕ್ಸ್ ಮೇಲೆ ಓಡಿಸಿ ನೋಡಿ. ಟೆಸ್ಟ್ ಪುಟದಲ್ಲೂ ಖಾಲಿ ಚೌಕ, ಹೋಲಿಕೆಯ ಪುಟದಲ್ಲೂ ಖಾಲಿ ಚೌಕ. ಎರಡೂ ಒಂದೇ, ಪಾಸ್. ೩ ಬರೋ ಕಡೆ ೪ ಬಂದ್ರೂ ಪಾಸ್.

#31 ಬಿಲ್ಡ್_ಮುರೀತು

ಅಯ್ಯೋ, ಇದನ್ನ ಈಗಲೇ ಪರಿಶೀಲಿಸಬೇಕು. ನಮ್ಮ ಬಾಟ್ ಇಮೇಜಲ್ಲಿ ಯಾವ ಫಾಂಟ್‌ಗಳಿವೆ ಅಂತ ಕೇಳಿದ್ರೆ ಒಬ್ಬರೂ ಬಾಯಿಬಿಡ್ತಿಲ್ಲ. ಪ್ರೋಗ್ರಾಂ ಗೈಡಿನ ಕನ್ನಡ ಟೆಸ್ಟ್‌ಗಳು ನಮ್ಮಲ್ಲೂ ಇವೆ, ಒತ್ತಕ್ಷರ ಕತ್ತರಿಸಿ ಹೋಗುತ್ತಾ ಅಂತ ನೋಡೋಕೆ.

#32 ಧಾರವಾಡ_ಪೇಡಾ

ನೋಟೋ ಸ್ಯಾನ್ಸ್ ಕನ್ನಡ ಹಾಕ್ರಿ, ಇಲ್ಲಾ ಲೋಹಿತ್ ಹಾಕ್ರಿ. ಆದ್ರ ಎಲ್ಲಾ ಮಷೀನಿಗೂ ಒಂದೇ ಫಾಂಟು, ಒಂದೇ ಆವೃತ್ತಿ ಇರ್ಲಿ. ಇಲ್ಲಂದ್ರ ಪಿಕ್ಸೆಲ್ ಜಗಳ ಶುರು ಆಗ್ತಾವ. ಫಾಂಟ್ ಲೋಡ್ ಆಗೂದ್ರಾಗ ಸ್ಕ್ರೀನ್‌ಶಾಟ್ ಹೊಡೀಬ್ಯಾಡ್ರಿ, ಡಾಕ್ಯುಮೆಂಟ್.ಫಾಂಟ್ಸ್.ರೆಡಿ ಕಾಯ್ರಿ.

#33 ಮೂರನೇ_ಮಹಡಿ

ವಾಪಸ್ ವಿಷಯಕ್ಕೆ. ಸರಿಸಿದ್ರೆ ಗಿಟ್ ಬ್ಲೇಮ್ (ಯಾವ ಸಾಲು ಯಾರು ಬರೆದ್ರು ಅನ್ನೋದು) ಹಾಳಾಗಲ್ವಾ?

#34 ಹಳೇಪರ್ಲ್

ಗಿಟ್ ಹೆಸರು ಬದಲಾಗಿದ್ದನ್ನ ಬರೆದಿಟ್ಕೊಳ್ಳಲ್ಲ, ಎರಡು ಫೈಲ್ ಎಷ್ಟು ಹೋಲುತ್ತವೆ ಅಂತ ನೋಡಿ ಊಹೆ ಮಾಡುತ್ತೆ, ಡೀಫಾಲ್ಟ್ 50 ಶೇಕಡಾ. #6ರಲ್ಲಿ ಹೇಳಿದ ಹಾಗೆ ಒಳಗೆ ಏನೂ ಮುಟ್ಟದೆ ಸರಿಸಿದ್ರೆ ಬ್ಲೇಮ್, ಲಾಗ್ --ಫಾಲೋ ಎರಡೂ ದಾಟಿ ಹೋಗುತ್ತವೆ. ಟೆಸ್ಟ್ ಫೈಲ್‌ಗಳಲ್ಲಿ ಪಾತಿನ ಒಂದು ಸಾಲು ನಿಮ್ಮ ಹೆಸರಿಗೆ ಬೀಳುತ್ತೆ, ಅದು ಬೇಡ ಅಂದ್ರೆ ಆ ಕಮಿಟನ್ನ ಇಗ್ನೋರ್-ರೆವ್ಸ್ ಫೈಲಿಗೆ ಸೇರಿಸಿ. ಗಿಟ್ 2.23ರಿಂದ ಆ ಸೌಲಭ್ಯ ಇದೆ. ಪಾತ್ ಬದಲಾವಣೆಯನ್ನೂ ಪ್ರತಿಗಳ ವಿಲೀನವನ್ನೂ ಒಂದೇ ಕಮಿಟಲ್ಲಿ ಹಾಕಿದ್ರೆ ಮಾತ್ರ ಇತಿಹಾಸ ಗೋವಿಂದ.

ಅದಕ್ಕಿಂತ ದೊಡ್ಡ ತೊಂದರೆ ಬಿಡುಗಡೆ ಶಾಖೆಗಳದ್ದು. ಮೇನ್‌ನಲ್ಲಿ ಹೊಸ ಪಾತ್, ಶಾಖೆಯಲ್ಲಿ ಹಳೇ ಪಾತ್. ಒಂದು ಸೆಕ್ಯುರಿಟಿ ಫಿಕ್ಸನ್ನ ಶಾಖೆಗೆ ಚೆರ್ರಿ-ಪಿಕ್ ಮಾಡಿದ್ರೆ (ಆ ಕಮಿಟ್ ಒಂದನ್ನೇ ತಂದ್ರೆ) ಫಿಕ್ಸ್ ಹೋಗುತ್ತೆ, ಜೊತೆಗೆ ಬಂದ ಟೆಸ್ಟ್ ಇಲ್ಲದ ಫೈಲನ್ನ ಹುಡುಕುತ್ತೆ. ನಿಧಾನಿ ಹೇಳಿದ "ಓಡಬಾರದು" ಜಾತಿಯದ್ದಾದ್ರೆ ಅದು ಅಲ್ಲಿ ಸುಮ್ಮನೆ ಪಾಸ್ ಆಗಿ ಕೂರುತ್ತೆ. ಹಾಗಾಗಿ ಹೊಸ ಜಾಗದಲ್ಲಿ ಫೈಲ್ ಇಡೋ ಕಮಿಟನ್ನ ಮಾತ್ರ ಮೊದಲು ಎಲ್ಲಾ ಜೀವಂತ ಶಾಖೆಗಳಿಗೂ ಹಾಕಿ. ಹಳೇದನ್ನ ಅಳಿಸೋದು ಮೇನ್‌ನಲ್ಲಿ ಮಾತ್ರ.

#35 ಧಾರವಾಡ_ಪೇಡಾ

ಅಂದ್ರ ಶಾಖೆದಾಗ ಎರಡು ಪ್ರತಿ ಇರ್ತಾವ?

#36 ಹಳೇಪರ್ಲ್

ಇರುತ್ತವೆ. ಶಾಖೆ ಸಾಯೋವರೆಗೆ. ಅಲ್ಲಿ ಹೊಸ ಟೆಸ್ಟ್ ಯಾರೂ ಬರೆಯಲ್ವಲ್ಲ, ನೀವು ಹೇಳಿದ ಕಾಪಿ ಹೊಡೆಯೋ ಕಾಟ ಇಲ್ಲ.

#37 ಧಾರವಾಡ_ಪೇಡಾ

ಹಂಗಿದ್ರ ನಂದೇನೂ ತಕರಾರಿಲ್ಲ.

#38 ಬಿಲ್ಡ್_ಮುರೀತು

ಎಲ್ಲರಿಗೂ ಥ್ಯಾಂಕ್ಸ್. ಈ ಬೆಳಗ್ಗೆ ಕೂತು ಮಾಡ್ಕೊಂಡ ತೀರ್ಮಾನ: ಹೊಸ ಫೋಲ್ಡರ್ ಇಲ್ಲ, ಅಪ್‌ಸ್ಟ್ರೀಮ್‌ನ ರಿಸೋರ್ಸಸ್ಸೇ ಸಾಕು. ಫಾಸ್ಟ್/ಜೆಎಸ್ ಪ್ರತಿ ಹೋಗುತ್ತೆ, ಸ್ಟಬ್ ಇಲ್ಲ. ವೇಟ್‌ಫಾರ್‌ಫ್ರೇಮ್ ಒಂದು ಮಾಡೋದು ಬೇರೆ ಕೆಲಸ, ಬೇರೆ ಟಿಕೆಟ್. ಜೆಎಸ್-ಟೆಸ್ಟ್‌ಗೆ ವಿಲೀನ ಸದ್ಯಕ್ಕೆ ಮುಂದಕ್ಕೆ. ಮ್ಯಾನೇಜರ್ ಇದು ಒಂದೇ ಪ್ಯಾಚಲ್ಲಿ ಮುಗಿಯುತ್ತೆ ಅಂತ ಮೇಲಿನವರಿಗೆ ಹೇಳಿಬಿಟ್ಟಿದ್ದಾರೆ, ಅದನ್ನ ನಾನು ಸಂಭಾಳಿಸ್ಕೋತೀನಿ.

ಇವತ್ತು ಹಳೇ ಜಾಗದ ಪ್ರೀ ಫೈಲಿಗೆ ಥ್ರೋ ಹಾಕಿ ಓಡಿಸಿದೆ. ಆ ಫೈಲನ್ನ ಕರೀತಾವೆ ಅಂತ ಗ್ರೆಪ್ ತೋರಿಸಿದ್ದ ಕೆಲವು ಟೆಸ್ಟ್‌ಗಳು ಫೇಲೇ ಆಗಲಿಲ್ಲ. ಬಿಚ್ಚಿ ನೋಡಿದ್ರೆ ಅವುಗಳ ಎಕ್ಸ್‌ಪೆಕ್ಟೆಡ್ ಫೈಲು "ಲೇಯರ್ ಅಟ್ (0,0)" ಅಂತ ಶುರುವಾಗುತ್ತೆ. ಪಾತಲ್ಲಿ ಒಂದು ಚುಕ್ಕಿ-ಚುಕ್ಕಿ ಕಡಿಮೆ ಇದೆ.

#39 ಎಕ್ಸ್‌ಪೆಕ್ಟೆಡ್_ಟಿಎಕ್ಸ್‌ಟಿ

ನಾನು ಏನ್ ಹೇಳಿದ್ದೆ! ಆ ಬೇಸ್‌ಲೈನ್ ಮಾತ್ರ ಅಳಿಸಿ ಬಿಡಬೇಡಿ, ಯಾವ ಕಮಿಟಲ್ಲಿ ಬಂತು ನೋಡಿ. ಅದೇ ಕಮಿಟಲ್ಲಿ ಇನ್ನೂ ಎಷ್ಟು ಹೊಸ ಬೇಸ್‌ಲೈನ್ ನುಸುಳಿದಾವೋ. ಪ್ಲಾಟ್‌ಫಾರ್ಮ್/ಡಬ್ಲ್ಯೂಪಿಇ ಮತ್ತು ಪ್ಲಾಟ್‌ಫಾರ್ಮ್/ಗ್ಲಿಬ್ ಒಳಗೂ ಹುಡುಕಿ, ಅಲ್ಲಿರೋ ಪ್ರತಿ ಸಾಮಾನ್ಯ ಬೇಸ್‌ಲೈನ್‌ಗಿಂತ ಮೊದಲು ಲೆಕ್ಕಕ್ಕೆ ಬರುತ್ತೆ.

#40 ನಿಧಾನಿ

ಜೆಎಸ್-ಟೆಸ್ಟ್ ಕರೆಯೋ ಫೈಲುಗಳಲ್ಲಿ ಯಾವುದರ ಎಕ್ಸ್‌ಪೆಕ್ಟೆಡ್ ಫೈಲಲ್ಲಿ "ಟೆಸ್ಟ್ ಕಂಪ್ಲೀಟ್" ಸಾಲು ಇಲ್ಲವೋ ಅವನ್ನೆಲ್ಲ ಒಂದು ಗ್ರೆಪ್‌ನಲ್ಲಿ ತೆಗೀಬಹುದು. ಬೇಕಂತಲೇ ಹಾಗೆ ಬರೆದಿರೋವೂ ಒಂದೆರಡು ಸಿಗುತ್ತೆ, ಮಿಕ್ಕಿದ್ದೆಲ್ಲ ನಿಮ್ಮ ಟಿಕೆಟ್ಟಿಗೆ.